ಹತ್ತು ಹ್ಯಾಟೆಗೆ ಒಂದೇ ಹುಂಜ: ಸಣ್ಣ ತೋಟದಲ್ಲಿ ನಾಟಿ ಕೋಳಿ ಸಾಕುವವರಿಗೆ

ಹೋದ ಶ್ರಾವಣದಲ್ಲಿ ನಮ್ಮ ಕಪ್ಪು ಹ್ಯಾಟೆ (ಹೆಣ್ಣು ಕೋಳಿ) 11 ಮೊಟ್ಟೆಗೆ ಕಾವು ಕೂತು 9 ಮರಿ ಮಾಡಿತು. ಮನೆಯವರಿಗೆಲ್ಲ ಖುಷಿ. ಎರಡು ತಿಂಗಳು ಕಳೆದ ಮೇಲೆ ಮರಿಗಳ ಜುಟ್ಟು ನೋಡಿದರೆ 9ರಲ್ಲಿ 6 ಹುಂಜ! ಖುಷಿ ಅಲ್ಲಿಗೆ ಅರ್ಧ ಆಯಿತು.

ಕೋಳಿ ಸಾಕಬೇಕು ಅಂತ ಕೇಳಿಕೊಂಡು ಬರುವವರು ಹ್ಯಾಟೆ ಬಗ್ಗೆ, ಮೊಟ್ಟೆ ಬಗ್ಗೆ, ಗೂಡಿನ ಖರ್ಚಿನ ಬಗ್ಗೆ ಕೇಳುತ್ತಾರೆ. ಹುಂಜದ ಬಗ್ಗೆ ಯಾರೂ ಕೇಳುವುದಿಲ್ಲ. ಆದರೆ ಆರು ತಿಂಗಳು ಕಳೆದ ಮೇಲೆ ಅವರು ಫೋನ್ ಮಾಡುವುದೆಲ್ಲ ಹುಂಜದ ವಿಷಯಕ್ಕೇ. ಒಂದಕ್ಕೊಂದು ಕಚ್ಚಾಡಿ ರಕ್ತ ಮಾಡಿಕೊಂಡಿವೆ, ಹ್ಯಾಟೆ ಬೆನ್ನಿನ ಪುಕ್ಕ ಎಲ್ಲ ಹೋಗಿದೆ, ಮಗುವಿನ ಮೇಲೆ ಹಾರಿತು, ಪಕ್ಕದ ಮನೆಯವರು ಜಗಳಕ್ಕೆ ಬಂದರು. ಹಾಗಾಗಿ ಹುಂಜವನ್ನೇ ಮುಂದಿಟ್ಟುಕೊಂಡು ಬರೆಯುತ್ತಿದ್ದೇನೆ. ನಮ್ಮದು ತುಮಕೂರು ಕಡೆ. ಎರಡು ಎಕರೆ, ತೆಂಗು, ಅಡಿಕೆ, ಸ್ವಲ್ಪ ರಾಗಿ ಹೊಲ. ನಿಮ್ಮ ಊರಿನ ಮಳೆ, ಬಿಸಿಲು ಬೇರೆ ಇದ್ದರೆ ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಿ.

ಮೊದಲು ಲೆಕ್ಕ

ಬರೀ ಮೊಟ್ಟೆ ಸಾಕು, ಮರಿ ಬೇಡ ಅನ್ನುವವರಿಗೆ ಹುಂಜ ಬೇಕಾಗಿಲ್ಲ. ಹುಂಜ ಇಲ್ಲದಿದ್ದರೂ ಹ್ಯಾಟೆ ಮೊಟ್ಟೆ ಇಡುತ್ತದೆ. ಇದನ್ನು ಹೇಳಿದರೆ ಈಗಲೂ ಎಷ್ಟೋ ಜನ ನಂಬುವುದಿಲ್ಲ. ಆ ಮೊಟ್ಟೆಯಿಂದ ಮರಿ ಬರುವುದಿಲ್ಲ, ಅಷ್ಟೇ ವ್ಯತ್ಯಾಸ. ರುಚಿಯಲ್ಲಿ ಏನೂ ಬದಲಾಗುವುದಿಲ್ಲ.

ಮರಿ ಬೇಕು ಅಂದರೆ 8ರಿಂದ 10 ಹ್ಯಾಟೆಗೆ ಒಂದು ಹುಂಜ ಸಾಕು. ಶುರು ಮಾಡುವವರು 6 ಹ್ಯಾಟೆ, 1 ಹುಂಜ ತನ್ನಿ. ಇನ್ನೊಂದು ಹುಂಜ ಜೋಡಿಗೆ ಇರಲಿ ಅಂತ ತರಬೇಡಿ. 6 ಹ್ಯಾಟೆಗೆ 2 ಹುಂಜ ಇದ್ದರೆ ಹ್ಯಾಟೆಗಳಿಗೆ ಉಸಿರಾಡಲು ಬಿಡುವುದಿಲ್ಲ. ಮೇಲೆ ಹತ್ತಿ ಹತ್ತಿ ಬೆನ್ನಿನ ಪುಕ್ಕ ಉದುರಿ ಚರ್ಮ ಕಾಣುತ್ತದೆ. ಗಾಯ ಆಗುತ್ತದೆ. ಹೆದರಿದ ಹ್ಯಾಟೆ ಮೊಟ್ಟೆ ಕಮ್ಮಿ ಮಾಡುತ್ತದೆ.

ಈಗ ಮುಖ್ಯ ಲೆಕ್ಕ. ಒಡೆಯುವ ಮರಿಗಳಲ್ಲಿ ಹೆಚ್ಚುಕಮ್ಮಿ ಅರ್ಧ ಹುಂಜವೇ ಆಗಿರುತ್ತವೆ. ನಾಟಿ ಹ್ಯಾಟೆ ವರ್ಷಕ್ಕೆ 50ರಿಂದ 70 ಮೊಟ್ಟೆ ಇಡುತ್ತದೆ, ಎರಡು ಮೂರು ಸಲ ಕಾವಿಗೆ ಕೂರುತ್ತದೆ. ಇಬ್ಬರು ಹ್ಯಾಟೆಯಮ್ಮಂದಿರು ವರ್ಷಕ್ಕೆ ಎರಡು ಸಲ ಮರಿ ಮಾಡಿ, ಸಲಕ್ಕೆ 8 ಮರಿ ಬಂದು, ಹದ್ದು, ಬೆಕ್ಕು ಎಲ್ಲ ಕಳೆದು 5 ಉಳಿದವು ಅಂತಿಟ್ಟುಕೊಳ್ಳಿ. ವರ್ಷಕ್ಕೆ 20 ಕೋಳಿ. ಅದರಲ್ಲಿ 10 ಹುಂಜ. ನಿಮಗೆ ಬೇಕಿರುವುದು ಹೆಚ್ಚೆಂದರೆ ಒಂದು, ಅದೂ ಬೇರೆ ಊರಿನವರ ಜೊತೆ ಅದಲು ಬದಲಿಗೆ. ಉಳಿದ 9ನ್ನು ಏನು ಮಾಡುತ್ತೀರಿ? ಮಾರುತ್ತೀರೋ, ತಿನ್ನುತ್ತೀರೋ? ನಿಮ್ಮ ಕೈಯಲ್ಲಿ ಎರಡೂ ಆಗುವುದಿಲ್ಲ ಅಂದರೆ ಮೊಟ್ಟೆಗೆ ಮಾತ್ರ ಸಾಕಿ, ಕಾವಿಗೆ ಕೂರಿಸಬೇಡಿ. ಈ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆ ಗೂಡು ಕಟ್ಟಿ.

ನಾಟಿನಾ, ಗಿರಿರಾಜನಾ?

ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿ ಮಾಡಿದ ಗಿರಿರಾಜ, ಸ್ವರ್ಣಧಾರ ತಳಿಗಳು ನಾಟಿಗಿಂತ ಬೇಗ ತೂಕ ಬರುತ್ತವೆ. ಮೊಟ್ಟೆಯೂ ಎರಡು ಪಟ್ಟು ಜಾಸ್ತಿ. ಆದರೆ ಅವು ಕಾವಿಗೆ ಕೂರುವುದು ಅಪರೂಪ. ಅವುಗಳ ಮೊಟ್ಟೆಯಿಂದ ಮನೆಯಲ್ಲೇ ಮರಿ ಮಾಡಿಸಿದರೆ ಆ ಮರಿ ತಾಯಿ ತಂದೆಯ ಹಾಗೇ ಬೆಳೆಯುತ್ತದೆ ಅಂತ ಇಲ್ಲ. ಪ್ರತಿ ಸಲ ಮರಿ ಕೊಂಡು ತರಬೇಕು. ಮೈ ಭಾರ, ಹಾರಲು ಕಷ್ಟ, ನಾಯಿ ಬಂದರೆ ಸಿಕ್ಕಿಬೀಳುತ್ತವೆ.

ನಾಟಿ ಕೋಳಿ ನಿಧಾನ. ಆದರೆ ತಾನೇ ಮೇಯುತ್ತದೆ, ತಾನೇ ಕಾವು ಕೂರುತ್ತದೆ, ಮರಿ ಕಾಯುತ್ತದೆ, ಮರ ಹತ್ತುತ್ತದೆ. ಸಂತೆಯಲ್ಲಿ ಬೆಲೆಯೂ ಜಾಸ್ತಿ. ಬಿಟ್ಟು ಸಾಕುವ ತೋಟಕ್ಕೆ ನಾಟಿಯೇ ಸರಿ ಅನ್ನುವುದು ನನ್ನ ಅಭಿಪ್ರಾಯ. ಎರಡನ್ನೂ ಸೇರಿಸಿ ಸಾಕುವವರಿಗೆ ಒಂದು ಮಾತು: ಗಿರಿರಾಜ ಹುಂಜವನ್ನು ಸಣ್ಣ ನಾಟಿ ಹ್ಯಾಟೆಗಳ ಜೊತೆ ಬಿಡಬೇಡಿ. ಆ ಭಾರಕ್ಕೆ ಹ್ಯಾಟೆ ನಲುಗಿ ಹೋಗುತ್ತದೆ.

ಗೂಡು

10 ಹ್ಯಾಟೆ, 1 ಹುಂಜಕ್ಕೆ 4 ಅಡಿ ಅಗಲ, 6 ಅಡಿ ಉದ್ದದ ಗೂಡು ಸಾಕು. ಹಗಲೆಲ್ಲ ಹೊರಗಿರುತ್ತವೆ, ರಾತ್ರಿ ಮಲಗಲು ಮಾತ್ರ ಇದು. ನೆಲದಿಂದ ಒಂದೂವರೆ ಅಡಿ ಎತ್ತರಿಸಿ ಕಟ್ಟಿದರೆ ಮಳೆನೀರು ನುಗ್ಗುವುದಿಲ್ಲ, ಹೆಗ್ಗಣ ಕೊರೆಯುವುದಿಲ್ಲ. ಬಾಗಿಲು ಪೂರ್ವಕ್ಕಿದ್ದರೆ ಬೆಳಗಿನ ಬಿಸಿಲು ಒಳಗೆ ಬಿದ್ದು ಒಣಗಿರುತ್ತದೆ.

ಜಾಲರಿಯಲ್ಲಿ ಕಂಜೂಸ್ ಮಾಡಬೇಡಿ. ಕೋಳಿ ಜಾಲರಿ ಅಂತ ಆರು ಮೂಲೆಯ ತೆಳು ತಂತಿ ಸಿಗುತ್ತದೆ. ಅದು ಕೋಳಿಯನ್ನು ಒಳಗಿಡುತ್ತದೆ, ನಾಯಿಯನ್ನು ಹೊರಗಿಡುವುದಿಲ್ಲ. ನಾನು ಇದನ್ನು ಕಲಿತದ್ದು ಒಂದೇ ರಾತ್ರಿಯಲ್ಲಿ 7 ಕೋಳಿ ಕಳೆದುಕೊಂಡು. ಬೆಸುಗೆ ಹಾಕಿದ ಗಟ್ಟಿ ಜಾಲರಿ ತನ್ನಿ, ಕಣ್ಣು ಅರ್ಧದಿಂದ ಮುಕ್ಕಾಲು ಇಂಚು ಇರಲಿ. ಮುಂಗುಸಿಗೆ ತಲೆ ತೂರುವಷ್ಟು ಸಂದು ಸಿಕ್ಕರೆ ಸಾಕು, ಮೈಯೂ ತೂರುತ್ತದೆ.

ಕೂರುವ ಗಳಗಳನ್ನು ಎಲ್ಲ ಒಂದೇ ಎತ್ತರಕ್ಕೆ ಹಾಕಿ. ಮೆಟ್ಟಿಲಿನ ಹಾಗೆ ಹಾಕಿದರೆ ಎಲ್ಲಕ್ಕೂ ಮೇಲಿನದೇ ಬೇಕು, ಸಂಜೆ ಸಂಜೆ ಜಗಳ. ಒಂದು ಕೋಳಿಗೆ 8 ಇಂಚು ಜಾಗ. ಎತ್ತರ ಎರಡು ಅಡಿ ಮೀರಬಾರದು. ಭಾರದ ಹುಂಜ ದಿನಾ ಎತ್ತರದಿಂದ ಧುಮುಕಿದರೆ ಅಂಗಾಲಿನಲ್ಲಿ ಗಂಟಾಗಿ ಕುಂಟುತ್ತದೆ. ನೆಲಕ್ಕೆ ಭತ್ತದ ಹೊಟ್ಟು ಹಾಸಿ. ವಾರಕ್ಕೊಮ್ಮೆ ಕೆದರಿ, ಒದ್ದೆಯಾದದ್ದನ್ನು ತೆಗೆದು, ಸ್ವಲ್ಪ ಸುಣ್ಣದ ಪುಡಿ ಉದುರಿಸಿ. ಗೂಡಿಗೆ ತಲೆ ಹಾಕಿದಾಗ ನಿಮ್ಮ ಕಣ್ಣು ಉರಿದರೆ ಕೋಳಿಗೂ ಉರಿಯುತ್ತಿದೆ ಅಂತ ತಿಳಿಯಿರಿ.

ಮಂಕರಿ ಕವುಚಿ ಹಾಕುವುದು ಹಗಲಿಗೆ, ಮನೆಯಲ್ಲಿ ಜನ ಇದ್ದಾಗ ಸರಿ. ರಾತ್ರಿಗೆ ಅದನ್ನು ನಂಬಬೇಡಿ.

ಹುಂಜ ಆರಿಸುವುದು

ಸಂತೆಯಲ್ಲಿ ಎಲ್ಲರೂ ಮೊದಲು ನೋಡುವುದು ಬಣ್ಣ. ಕೆಂಪು ಕುತ್ತಿಗೆ, ಹಸಿರು ಮಿಂಚುವ ಬಾಲ. ಚೆಂದ ಏನೋ ಹೌದು. ಆದರೆ ಹುಂಜದ ಗುಣ ಸಂತೆಯಲ್ಲಿ ಕಾಲು ಕಟ್ಟಿ ಮಲಗಿಸಿದಾಗ ಕಾಣುವುದಿಲ್ಲ. ಹ್ಯಾಟೆಗಳ ನಡುವೆ ಇದ್ದಾಗ ನೋಡಬೇಕು. ಸಾಧ್ಯವಾದರೆ ಪಕ್ಕದ ಊರಿನ ಯಾರದ್ದಾದರೂ ತೋಟಕ್ಕೆ ಹೋಗಿ ಅರ್ಧ ಗಂಟೆ ಸುಮ್ನೆ ಕೂತು ನೋಡಿ ತನ್ನಿ.

ಏನು ನೋಡಬೇಕು? ಒಂದು ಹಿಡಿ ನುಚ್ಚು ಹಾಕಿ. ಒಳ್ಳೆಯ ಹುಂಜ ತಾನು ನುಂಗುವುದಿಲ್ಲ. ಕಾಳನ್ನು ಕೊಕ್ಕಿನಲ್ಲಿ ಎತ್ತಿ ಎತ್ತಿ ಕೆಳಗೆ ಹಾಕುತ್ತಾ ಕುಕ್ ಕುಕ್ ಕುಕ್ ಅಂತ ಹ್ಯಾಟೆಗಳನ್ನು ಕರೆಯುತ್ತದೆ. ಅವು ಬಂದು ತಿಂದ ಮೇಲೆ ತಾನು ತಿನ್ನುತ್ತದೆ. ಎಲ್ಲವನ್ನೂ ತಾನೇ ನುಂಗಿ ಹ್ಯಾಟೆಗಳನ್ನು ಕುಕ್ಕಿ ಓಡಿಸುವ ಹುಂಜ ಎಷ್ಟೇ ಚೆಂದ ಇದ್ದರೂ ಬೇಡ. (ಕಾಳೇ ಇಲ್ಲದೆ ಸುಳ್ಳು ಸುಳ್ಳೇ ಕರೆದು, ಹತ್ತಿರ ಬಂದ ಹ್ಯಾಟೆ ಮೇಲೆ ಹತ್ತುವ ಕಳ್ಳ ಹುಂಜಗಳೂ ಇರುತ್ತವೆ. ವಿಜ್ಞಾನಿಗಳೂ ಇದನ್ನು ಗಮನಿಸಿ ಬರೆದಿದ್ದಾರೆ. ಅಷ್ಟಕ್ಕೆ ತಿರಸ್ಕರಿಸಬೇಡಿ!)

ಎರಡನೆಯದು, ಕಾವಲು. ಮೇಲೆ ಹದ್ದು ಸುಳಿದರೆ ಹುಂಜ ಒಂದು ಬಗೆಯಲ್ಲಿ ಉದ್ದಕ್ಕೆ ಕೂಗುತ್ತದೆ, ಹ್ಯಾಟೆ ಮರಿ ಎಲ್ಲ ಪೊದೆಗೆ ನುಗ್ಗುತ್ತವೆ. ನೆಲದ ಮೇಲೆ ನಾಯಿ, ಬೆಕ್ಕು, ಹಾವು ಕಂಡರೆ ಬೇರೆ ಬಗೆಯಲ್ಲಿ ಕೊಕ್ ಕೊಕ್ ಕೊಕ್ ಅಂತ ತಡೆ ತಡೆದು ಕೂಗುತ್ತದೆ, ಆಗ ಎಲ್ಲ ತಲೆ ಎತ್ತಿ ನಿಲ್ಲುತ್ತವೆ. ನೀವೂ ಈ ಎರಡು ಕೂಗನ್ನು ಕಲಿತುಕೊಳ್ಳಿ. ಅಡುಗೆಮನೆಯಲ್ಲಿದ್ದರೂ ಹಿತ್ತಲಲ್ಲಿ ಬಂದಿರುವುದು ಹದ್ದೋ ನಾಯಿಯೋ ಗೊತ್ತಾಗುತ್ತದೆ. ನಮ್ಮ ಹುಂಜದ ಕೂಗಿನಿಂದಲೇ ಎರಡು ಸಲ ನಾಗರಹಾವು ಕಂಡು ದೂರ ಉಳಿದಿದ್ದೇವೆ.

ಮೈ ಪರೀಕ್ಷೆ ಆಮೇಲೆ. ಜುಟ್ಟು ಕೆಂಪಗೆ ತುಂಬಿರಬೇಕು, ಕಣ್ಣು ಹೊಳೆಯಬೇಕು, ಮೂಗಿನಲ್ಲಿ ನೀರು ಇರಬಾರದು. ಎದೆಮೂಳೆ ನೆಟ್ಟಗಿರಬೇಕು. ಕಾಲು ನೇರವಾಗಿದ್ದು, ಪೊರೆ ಎದ್ದಿರಬಾರದು. ಬಾಲದ ಕೆಳಗೆ ಪುಕ್ಕ ಸರಿಸಿ ಹೇನು ಇದೆಯಾ ನೋಡಿ. ವಯಸ್ಸು 7-8 ತಿಂಗಳು ತುಂಬಿರಲಿ. ಕಾಲಿನ ಹಿಂದಿನ ಮುಳ್ಳು ನೋಡಿ ವಯಸ್ಸು ಅಂದಾಜು ಮಾಡುವುದು ವಾಡಿಕೆ: ಎಳೆಯದರಲ್ಲಿ ಬರೀ ಮೊಗ್ಗು, ವಯಸ್ಸಾದಂತೆ ಉದ್ದವಾಗಿ ಬಾಗುತ್ತದೆ. ಸಂತೆಯಲ್ಲಿ ಮುಳ್ಳು ಕತ್ತರಿಸಿ ಉಜ್ಜಿ ಮುದಿ ಹುಂಜವನ್ನು ಎಳೆಯದು ಅಂತ ಕೊಡುವವರಿದ್ದಾರೆ. ತುದಿ ಒರಟಾಗಿದ್ದರೆ ಅನುಮಾನ ಪಡಿ.

ನಿಮ್ಮದೇ ಹ್ಯಾಟೆಯ ಮರಿಯನ್ನು ಹುಂಜವಾಗಿ ಉಳಿಸಿಕೊಳ್ಳಬೇಡಿ. ತಾಯಿ, ಅಕ್ಕ, ತಂಗಿಯ ಜೊತೆಗೇ ಸೇರಿ ಮೂರು ನಾಲ್ಕು ಪೀಳಿಗೆಯಲ್ಲಿ ಮರಿ ಸಣ್ಣದಾಗುತ್ತವೆ, ಸಾವು ಜಾಸ್ತಿ. ಬೇರೆ ಊರಿನವರ ಜೊತೆ ಹುಂಜ ಅದಲು ಬದಲು ಮಾಡಿಕೊಂಡರೆ ದುಡ್ಡೂ ಖರ್ಚಾಗುವುದಿಲ್ಲ.

ಹೊಸ ಹುಂಜ ಮನೆಗೆ ಬಂದ ದಿನ ನೇರ ಗುಂಪಿಗೆ ಬಿಡುವುದು ದೊಡ್ಡ ತಪ್ಪು. ಎರಡು ವಾರ ದೂರದಲ್ಲಿ ಬೇರೆ ಇಡಿ. ರೋಗ ಇದ್ದರೆ ಅಷ್ಟರಲ್ಲಿ ಹೊರಗೆ ಬರುತ್ತದೆ. ಆಮೇಲೆ ಒಂದು ರಾತ್ರಿ, ಎಲ್ಲ ಮಲಗಿದ ಮೇಲೆ, ಮೆಲ್ಲಗೆ ಗಳದ ಮೇಲೆ ಕೂರಿಸಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಜಗಳ ಆಗುವುದಿಲ್ಲ. ಬೆಳಿಗ್ಗೆ ಎದ್ದಾಗ ಮೊದಲಿಂದ ಇದ್ದವನ ಹಾಗೇ ಇರುತ್ತದೆ.

ದಿನದ ಕೆಲಸ

ಬೆಳಿಗ್ಗೆ ಗೂಡು ತೆಗೆಯುವಾಗ ಒಂದು ನಿಮಿಷ ಬಾಗಿಲಲ್ಲೇ ನಿಂತು ನೋಡಿ. ಯಾವುದು ಕೊನೆಗೆ ಬರುತ್ತದೆ, ಯಾವುದು ರೆಕ್ಕೆ ಜೋಲು ಬಿಟ್ಟು ನಿಲ್ಲುತ್ತದೆ, ಹಿಕ್ಕೆ ಹಸಿರಾಗಿದೆಯಾ, ರಕ್ತ ಇದೆಯಾ. ಕಾಯಿಲೆ ಮೊದಲು ಕಾಣುವುದು ಇಲ್ಲೇ.

ಬೆಳಿಗ್ಗೆ ಹೊಟ್ಟೆ ತುಂಬಾ ಹಾಕಬೇಡಿ, ಮೇಯಲು ಹೋಗುವುದಿಲ್ಲ. ಸಂಜೆ ಗೂಡಿನ ಹತ್ತಿರ ಒಂದೊಂದಕ್ಕೆ ಒಂದು ಹಿಡಿ ಲೆಕ್ಕದಲ್ಲಿ ರಾಗಿ, ನುಚ್ಚು, ಒಡೆದ ಜೋಳ ಹಾಕಿ. ದಿನಾ ಒಂದೇ ಹೊತ್ತಿಗೆ, ಒಂದೇ ಕೂಗು ಹಾಕಿ ಕರೆಯಿರಿ. ಒಂದು ವಾರದಲ್ಲಿ ತಾವೇ ಬಂದು ಕಾಯುತ್ತವೆ. ಬೂಸ್ಟು ಹಿಡಿದ ಜೋಳ, ಕಡಲೆಕಾಯಿ ಹಿಂಡಿ ಮಾತ್ರ ಹಾಕಲೇಬೇಡಿ. ದನಕ್ಕೂ ಆಗದ್ದು ಕೋಳಿಗೆ ಆಗುತ್ತೆ ಅಂದುಕೊಂಡರೆ ಲಿವರ್ ಕೆಟ್ಟು ಸಾಯುತ್ತವೆ.

ಗೆದ್ದಲು ಪುಕ್ಕಟೆ ಮೇವು. ಹಳೆಯ ಮಡಕೆಯಲ್ಲಿ ಒಣ ಸಗಣಿ, ಹುಲ್ಲು, ಹರಿದ ಗೋಣಿಚೀಲ ತುಂಬಿ, ನೀರು ಚಿಮುಕಿಸಿ, ಹುತ್ತ ಇರುವ ಕಡೆ ಸಂಜೆ ಬೋರಲು ಹಾಕಿ. ಬೆಳಿಗ್ಗೆ ಎತ್ತಿದರೆ ಮಡಕೆ ತುಂಬಾ ಗೆದ್ದಲು. ಮರಿಗಳಿಗೆ ಇದಕ್ಕಿಂತ ಒಳ್ಳೆಯದು ಯಾವುದೂ ಇಲ್ಲ. ತೆಂಗಿನ ಬುಡದ ಹತ್ತಿರ ಮಾತ್ರ ಇಡಬೇಡಿ.

ಮೊಟ್ಟೆ ಇಡುವ ಹ್ಯಾಟೆಗೆ ಸುಣ್ಣದ ಅಂಶ ಬೇಕು. ಮೊಟ್ಟೆ ಸಿಪ್ಪೆ ಒಣಗಿಸಿ ಪುಡಿ ಮಾಡಿ ಬೇರೆ ಬಟ್ಟಲಲ್ಲಿ ಇಡಿ. ಬೇಕಾದ್ದು ಬಂದು ತಿನ್ನುತ್ತದೆ. ಅಂಗಡಿಯ ಲೇಯರ್ ಮೇವನ್ನೇ (ಮೊಟ್ಟೆ ಕೋಳಿಗೆ ಅಂತ ಮಾಡಿದ ಮೇವು) ಎಲ್ಲಕ್ಕೂ ಹಾಕಿದರೆ ಹುಂಜಕ್ಕೆ ಸುಣ್ಣ ಜಾಸ್ತಿಯಾಗಿ ಮೂತ್ರಪಿಂಡಕ್ಕೆ ತೊಂದರೆ.

ಒಂದು ದೊಡ್ಡ ಕೋಳಿ ದಿನಕ್ಕೆ ಕಾಲು ಲೀಟರ್ ನೀರು ಕುಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನೆರಳಲ್ಲಿಡಿ, ದಿನಾ ಪಾತ್ರೆ ಉಜ್ಜಿ. ಏಪ್ರಿಲ್ ಬಿಸಿಲಲ್ಲಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಗೂಡಿನ ಮೇಲೆ ತೆಂಗಿನ ಗರಿ ಹೊದಿಸಿ, ಪಕ್ಕಕ್ಕೆ ಒದ್ದೆ ಗೋಣಿ ಕಟ್ಟಿ.

ಮರದ ಕೆಳಗೆ ಬೂದಿ ಮತ್ತು ಒಣ ಮಣ್ಣು ಸೇರಿಸಿ ಒಂದು ಗುಂಡಿ ಮಾಡಿಕೊಡಿ. ಹೊರಳಾಡಿ ಹೇನು ತಾವೇ ಉದುರಿಸಿಕೊಳ್ಳುತ್ತವೆ.

ತೋಟಕ್ಕೆ ಕೋಳಿ ಒಳ್ಳೆಯದು ಅನ್ನುವುದು ಅರ್ಧ ಸತ್ಯ. ತೆಂಗು, ಅಡಿಕೆ, ಮಾವಿನ ಕೆಳಗೆ ಹುಳ ತಿಂದು ಕಳೆ ಕೆದರುತ್ತವೆ, ಸರಿ. ಸೊಪ್ಪಿನ ಮಡಿಗೆ ಬಿಟ್ಟರೆ ಒಂದು ಬೆಳಗಿನಲ್ಲಿ ಮುಗಿಸುತ್ತವೆ. ಅದಕ್ಕಿಂತ ಅಪಾಯ ಔಷಧಿ ಹಚ್ಚಿದ ಬಿತ್ತನೆ ಬೀಜ. ಪಕ್ಕದ ಹೊಲದಲ್ಲಿ ಬಿತ್ತುವಾಗ, ಔಷಧಿ ಹೊಡೆಯುವಾಗ ಮೊದಲೇ ಕೇಳಿಕೊಂಡು ಕೋಳಿ ಕಟ್ಟಿಹಾಕಿ. ಇನ್ನು ಹಿಕ್ಕೆ ಗೊಬ್ಬರ: ಹಸಿಯಾಗಿ ಗಿಡದ ಬುಡಕ್ಕೆ ಹಾಕಿದರೆ ಸುಡುತ್ತದೆ. ತಿಪ್ಪೆಯಲ್ಲಿ ತರಗು, ಸಗಣಿ ಜೊತೆ ಸೇರಿಸಿ ಮೂರು ನಾಲ್ಕು ತಿಂಗಳು ಕೊಳೆಸಿ ಆಮೇಲೆ ಹಾಕಿ.

ಕಾವಿಗೆ ಕೂರಿಸುವುದು

ಮೊಟ್ಟೆ ಎತ್ತಿಡುವಾಗ ಚೂಪು ತುದಿ ಕೆಳಗೆ ಮಾಡಿ ರಾಗಿ ಅಥವಾ ತೌಡಿನ ಪಾತ್ರೆಯಲ್ಲಿ ತಂಪಾದ ಜಾಗದಲ್ಲಿಡಿ. ಮಳೆಗಾಲ, ಚಳಿಗಾಲದಲ್ಲಿ ಒಂದು ವಾರ, ಬೇಸಿಗೆಯಲ್ಲಿ ನಾಲ್ಕೈದು ದಿನ, ಅದಕ್ಕಿಂತ ಹಳೆಯದು ಬೇಡ. ಫ್ರಿಜ್‌ನಲ್ಲಿಟ್ಟದ್ದು ಬೇಡವೇ ಬೇಡ. ಒಂದು ನಾಟಿ ಹ್ಯಾಟೆ 10ರಿಂದ 12 ಮೊಟ್ಟೆ ಮುಚ್ಚಿಕೊಳ್ಳುತ್ತದೆ. ನಮ್ಮಜ್ಜಿ ಬೆಸ ಸಂಖ್ಯೆಯಲ್ಲೇ ಇಡಬೇಕು ಅನ್ನುತ್ತಿದ್ದರು, ಗುಡುಗಿಗೆ ಮೊಟ್ಟೆ ಕೆಡಬಾರದು ಅಂತ ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು ಇಡುತ್ತಿದ್ದರು. ಉಪಯೋಗ ಇದೆಯೋ ಇಲ್ಲವೋ, ನಾನೂ ಇಡುತ್ತೇನೆ. ಬೇವಿನ ಸೊಪ್ಪು, ಬೂದಿ ಹಾಸಿದ್ದು ಮಾತ್ರ ಹೇನಿಗೆ ನಿಜವಾಗಿ ಉಪಯೋಗ.

7ನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ. ಒಳಗೆ ಜೇಡರ ಬಲೆ ತರಹ ಕೆಂಪು ನರ ಕಂಡರೆ ಮರಿ ಇದೆ. ಪೂರ್ತಿ ತಿಳಿಯಾಗಿ ಬೆಳಕು ಹಾದರೆ ಬೀಜ ಇಲ್ಲ, ತೆಗೆದುಬಿಡಿ. ನಿಮ್ಮ ಹುಂಜದ ಪರೀಕ್ಷೆಯೂ ಇದೇ. ಮತ್ತೆ ಮತ್ತೆ ಮೂರರಲ್ಲಿ ಒಂದು ಮೊಟ್ಟೆ ತಿಳಿಯಾಗಿ ಕಂಡರೆ ಹುಂಜ ಬದಲಿಸುವ ಹೊತ್ತಾಗಿದೆ. ಹ್ಯಾಟೆ ದಿನಕ್ಕೊಮ್ಮೆ ಕಾಲು ಗಂಟೆ ಎದ್ದು ತಿಂದು ಬರಲಿ. 18ನೇ ದಿನದಿಂದ ಮುಟ್ಟಲು ಹೋಗಬೇಡಿ. 21ಕ್ಕೆ ಮರಿ.

ಮರಿಗೆ ಮೊದಲು ನೀರು, ಆಮೇಲೆ ಸಣ್ಣ ನುಚ್ಚು. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಮುಳುಗಿ ಸಾಯುತ್ತವೆ. ತಾಯಿ ಇಲ್ಲದ ಮರಿ ತಂದಿದ್ದರೆ ಮೊದಲ ವಾರ ಸುಮಾರು 35 ಡಿಗ್ರಿ ಕಾವು ಬೇಕು, ಆಮೇಲೆ ವಾರ ವಾರಕ್ಕೆ ಮೂರು ಡಿಗ್ರಿಯಷ್ಟು ಕಮ್ಮಿ ಮಾಡುತ್ತಾ ಹೋಗಿ. ಎಲ್‌ಇಡಿ ಬಲ್ಬ್ ಹಾಕಿ ಮರಿ ಸತ್ತವು ಅನ್ನುವವರನ್ನು ಕಂಡಿದ್ದೇನೆ. ಅದರಲ್ಲಿ ಬೆಳಕಿದೆ, ಶಾಖ ಇಲ್ಲ. ಹಳೆಯ ತಂತಿ ಬಲ್ಬೇ ಬೇಕು. ಮರಿಗಳು ಬಲ್ಬಿನ ಕೆಳಗೆ ಗುಂಪಾಗಿ ಒತ್ತಿಕೊಂಡರೆ ಚಳಿ, ದೂರ ಓಡಿ ಬಾಯಿ ಬಿಟ್ಟರೆ ಸೆಕೆ. ಇದು ಗೊತ್ತಿದ್ದರೆ ಥರ್ಮಾಮೀಟರ್ ಇಲ್ಲದೆಯೂ ನಡೆಯುತ್ತದೆ.

ಒಂದೊಂದು ಸಲದ ಮರಿಗೆ ಒಂದೊಂದು ಬಣ್ಣದ ಪ್ಲಾಸ್ಟಿಕ್ ಬಳೆ ಕಾಲಿಗೆ ಹಾಕಿ, ಬೆಳೆದಂತೆ ಬದಲಿಸಿ. ಯಾವುದು ಯಾರ ಮರಿ, ಎಷ್ಟು ತಿಂಗಳದ್ದು ಅನ್ನುವ ಗೊಂದಲ ಇರುವುದಿಲ್ಲ.

ಲಸಿಕೆ

ಕೊಕ್ಕರೆ ರೋಗ ಬಂದರೆ ಊರಿನ ಕೋಳಿಯೆಲ್ಲ ಒಂದು ವಾರದಲ್ಲಿ ಖಾಲಿ. ಹಸಿರು ಭೇದಿ, ಕತ್ತು ತಿರುಚುವುದು, ಕಾಲು ಸೋಲುವುದು, ಉಸಿರಿಗೆ ಒದ್ದಾಡುವುದು ಇದರ ಗುರುತು. ಪುಸ್ತಕದ ಹೆಸರು ರಾಣಿಖೇತ್. ನಮ್ಮ ದೇಶದಲ್ಲಿ 1927ರಲ್ಲಿ ಮೊದಲು ಗುರುತಿಸಿದ್ದು ಹಿಮಾಲಯದ ಆ ಊರಿನಲ್ಲಿ. ಬಂದ ಮೇಲೆ ಔಷಧಿ ಇಲ್ಲ, ಬರುವ ಮುಂಚೆ ಲಸಿಕೆ ಇದೆ.

5ರಿಂದ 7ನೇ ದಿನಕ್ಕೆ ಎಫ್ ಅಥವಾ ಲಸೋಟ ಲಸಿಕೆ, ಕಣ್ಣಿಗೋ ಮೂಗಿಗೋ ಒಂದು ಹನಿ. 4ನೇ ವಾರ ಲಸೋಟ ಮತ್ತೊಮ್ಮೆ. 8ನೇ ವಾರದ ಹೊತ್ತಿಗೆ ಆರ್2ಬಿ ಚುಚ್ಚುಮದ್ದು. ಕೋಳಿ ಸಿಡುಬಿನ ಲಸಿಕೆ ಯಾವಾಗ ಅಂತ ಪಶು ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ತೊಂದರೆ ಏನಂದರೆ ಶೀಶೆ ಬರುವುದು ನೂರು, ಇನ್ನೂರು ಡೋಸಿನದು. ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. 15 ಮರಿಗೆ ಯಾರು ತರುತ್ತಾರೆ? ಅದಕ್ಕೇ ನಮ್ಮ ಬೀದಿಯ ನಾಲ್ಕೈದು ಮನೆಯವರು ಒಂದೇ ಸಮಯಕ್ಕೆ ಕಾವಿಗೆ ಕೂರಿಸುತ್ತೇವೆ. ಒಬ್ಬರು ಐಸ್ ಹಾಕಿದ ಫ್ಲಾಸ್ಕಿನಲ್ಲಿ ತರುತ್ತಾರೆ, ಸಂಜೆ ಮನೆ ಮನೆಗೆ ಹೋಗಿ ಹನಿ ಹಾಕಿ ಮುಗಿಸುತ್ತೇವೆ. ಕಾಯಿಲೆ ಬಿದ್ದ ಕೋಳಿಗೆ ಲಸಿಕೆ ಹಾಕಬೇಡಿ.

ಜಂತುಹುಳದ ಔಷಧಿ ಮೂರು ತಿಂಗಳಿಗೊಮ್ಮೆ. ಮಳೆಗಾಲದಲ್ಲಿ ಮರಿಗಳ ಹಿಕ್ಕೆಯಲ್ಲಿ ರಕ್ತ ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಒಂದೇ ಸಲಕ್ಕೆ ತುಂಬಾ ಕೋಳಿ ಸತ್ತರೆ ಮುಚ್ಚಿಡಬೇಡಿ, ಮಾರಬೇಡಿ, ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಬಂದದ್ದು ನೆನಪಿದೆ ಅಲ್ವಾ?

ಮಿಕ್ಕ ಹುಂಜಗಳು

ಹುಂಜ ಮರಿಯ ಜುಟ್ಟು 5-6 ವಾರಕ್ಕೇ ಕೆಂಪಾಗಲು ಶುರು. 3 ತಿಂಗಳಿಗೆ ಕುತ್ತಿಗೆ, ಸೊಂಟದ ಪುಕ್ಕ ಚೂಪಾಗುತ್ತದೆ. ಹ್ಯಾಟೆಯದ್ದು ಗುಂಡಗೇ ಇರುತ್ತದೆ. ಆಗಲೇ ಎಣಿಸಿ ಬರೆದಿಡಿ.

ಒಟ್ಟಿಗೆ ಬೆಳೆದ ಅಣ್ಣ ತಮ್ಮಂದಿರು 5 ತಿಂಗಳವರೆಗೆ ಸುಮ್ನಿರುತ್ತವೆ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಕುತ್ತಿಗೆ ಪುಕ್ಕ ನಿಗುರಿಸಿ ಎದುರುಬದುರು ನಿಲ್ಲುತ್ತವೆ. ಸ್ವಲ್ಪ ತಳ್ಳಾಟ ಆಗಿ ಒಂದು ಹಿಂದೆ ಸರಿದರೆ ಬಿಟ್ಟುಬಿಡಿ, ಯಜಮಾನ ಯಾರು ಅಂತ ತೀರ್ಮಾನ ಆಯಿತು. ರಕ್ತ ಬಂದರೆ ಬೇರೆ ಮಾಡಲೇಬೇಕು. ಕೆಂಪು ಕಂಡರೆ ಉಳಿದವೂ ಬಂದು ಕುಕ್ಕುತ್ತವೆ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಹಚ್ಚಿ. ಒಂದು ವಾರ ಬೇರೆ ಇಟ್ಟು ಮತ್ತೆ ಸೇರಿಸಿದರೆ ಪರಿಚಯ ಮರೆತು ಮೊದಲಿಂದ ಜಗಳ ಶುರು ಮಾಡುತ್ತವೆ, ನೆನಪಿಡಿ.

ನಾನು ಮಾಡುವುದು ಇಷ್ಟು: 5 ತಿಂಗಳಾಗುತ್ತಿದ್ದಂತೆ ಮಿಕ್ಕ ಹುಂಜಗಳನ್ನೆಲ್ಲ ಹ್ಯಾಟೆಗಳು ಕಣ್ಣಿಗೆ ಬೀಳದ ಕಡೆ ಬೇರೆ ಆವರಣಕ್ಕೆ ಹಾಕುತ್ತೇನೆ. ಹ್ಯಾಟೆ ಇಲ್ಲದಿದ್ದರೆ ಜಗಳ ಎಷ್ಟೋ ಕಮ್ಮಿ. ಜೋಳ, ರಾಗಿ ಸ್ವಲ್ಪ ಜಾಸ್ತಿ ಹಾಕುತ್ತೇನೆ. ಒಂದೂವರೆ, ಎರಡು ಕೆಜಿ ಬಂದಾಗ ಮಾರಾಟ. ಅದಕ್ಕಿಂತ ಇಟ್ಟುಕೊಂಡರೆ ಮೇವು ಖರ್ಚು, ಮಾಂಸವೂ ಗಟ್ಟಿ.

ಯಾವಾಗ ಮಾರಬೇಕು ಅನ್ನುವುದು ಕಾವಿಗೆ ಕೂರಿಸುವ ದಿನವೇ ತೀರ್ಮಾನ ಆಗಬೇಕು. ನಮ್ಮ ಕಡೆ ಯುಗಾದಿ ಮಾರನೇ ದಿನದ ಹೊಸತೊಡಕಿಗೆ ನಾಟಿ ಹುಂಜಕ್ಕೆ ಕೇಳಿದಷ್ಟು ಬೆಲೆ. ಮಾರಿಹಬ್ಬಕ್ಕೆ, ಪಿತೃಪಕ್ಷಕ್ಕೂ ಗಿರಾಕಿ ಬರುತ್ತಾರೆ. ಶ್ರಾವಣ, ಕಾರ್ತಿಕದಲ್ಲಿ ಕೇಳುವವರಿಲ್ಲ. ನಾಟಿ ಹುಂಜ ಬೆಳೆಯಲು 6-7 ತಿಂಗಳು ಬೇಕು. ಹಾಗಾಗಿ ಆಷಾಢದ ಕೊನೆಗೆ ಕಾವಿಗೆ ಕೂರಿಸಿದರೆ ಶ್ರಾವಣಕ್ಕೆ ಮರಿ, ಯುಗಾದಿಗೆ ಹುಂಜ. ಮಳೆಯಲ್ಲಿ ಮರಿ ಕಾಪಾಡುವುದು ಕಷ್ಟ ನಿಜ. ಆದರೂ ಈ ಲೆಕ್ಕವೇ ನನಗೆ ದುಡ್ಡು ಕೊಟ್ಟಿರುವುದು.

ಮಾರುವಾಗ ತಕ್ಕಡಿ ನಿಮ್ಮದಿರಲಿ. ಕಣ್ಣಂದಾಜಿಗೆ ಕೊಟ್ಟರೆ ಸೋಲುವುದು ನೀವೇ. ಹಿಂದಿನ ರಾತ್ರಿಯೇ ಗಳದಿಂದ ಮೆಲ್ಲಗೆ ಎತ್ತಿ ಬುಟ್ಟಿಗೆ ಹಾಕಿಡಿ. ಹಗಲಲ್ಲಿ ಓಡಿಸಿ ಹಿಡಿದರೆ ಒಂದು ಹುಂಜಕ್ಕೆ ಇಡೀ ಹಿಂಡು ಬೆದರುತ್ತದೆ. ಕಾಲು ಹಿಡಿದು ತಲೆಕೆಳಗಾಗಿ ಸೈಕಲ್ಲಿಗೆ ನೇತುಹಾಕುವುದು ಬೇಡ. ಪುಕ್ಕ ನೋಡಿ, ಮುಳ್ಳು ನೋಡಿ, ತೊಡೆ ಒತ್ತಿ, ‘ಇದು ಹೊಡೆಯುತ್ತಾ’ ಅಂತ ಕೇಳುವವರು ಬಂದರೆ ಅವರು ಬಂದಿರುವುದು ಸಾರಿಗಲ್ಲ, ಅಂಕಕ್ಕೆ, ಅಂದರೆ ಹುಂಜಗಳ ಕಾಳಗಕ್ಕೆ. ಕೋಳಿ ಅಂಕ ಕಾನೂನಿಗೆ ವಿರುದ್ಧ. ನಾನು ಎಷ್ಟು ಕೊಟ್ಟರೂ ಕೊಡುವುದಿಲ್ಲ.

ಮೇಲೆ ಹಾರುವ ಹುಂಜ

ನಾವು ಪ್ರೀತಿಯಿಂದ ಕೈಯಲ್ಲಿ ತಿನ್ನಿಸಿ ಬೆಳೆಸಿದ ಒಂದು ಹುಂಜ ಇತ್ತು. 7 ತಿಂಗಳಾದಾಗ ಒಂದು ಬೆಳಿಗ್ಗೆ ನೀರು ತರುತ್ತಿದ್ದ ಅತ್ತೆಯ ಹಿಂದಿನಿಂದ ಹಾರಿ ಮೀನಖಂಡಕ್ಕೆ ಮುಳ್ಳು ಚುಚ್ಚಿತು. ಬಿಂದಿಗೆ ಒಂದು ಕಡೆ, ಅತ್ತೆ ಒಂದು ಕಡೆ. ‘ಇದನ್ನ ಇವತ್ತೇ ಒಲೆ ಮೇಲೆ ಇಡ್ತೀಯೋ, ನಾನು ನಮ್ಮೂರಿಗೆ ಹೋಗ್ಲೋ’ ಅಂದರು.

ಮುನ್ಸೂಚನೆ ಇರುತ್ತದೆ. ಒಂದು ರೆಕ್ಕೆ ನೆಲಕ್ಕೆ ಜೋಲಿಸಿ, ಅಡ್ಡಡ್ಡ ಹೆಜ್ಜೆ ಹಾಕುತ್ತಾ ನಿಮ್ಮ ಸುತ್ತ ಬಂದರೆ ನಿಮ್ಮನ್ನೂ ಇನ್ನೊಂದು ಹುಂಜ ಅಂದುಕೊಂಡಿದೆ. ಓಡಬೇಡಿ, ಓಡಿದರೆ ಗೆದ್ದೆ ಅನ್ನುತ್ತದೆ. ಒದೆಯಬೇಡಿ, ಒದ್ದರೆ ಜಗಳಕ್ಕೆ ಕರೆದ ಹಾಗೆ. ನಿಧಾನವಾಗಿ ಅದರ ಕಡೆಗೇ ನಡೆಯಿರಿ, ಅದು ದಾರಿ ಬಿಡುವವರೆಗೆ. ಕೈಯಲ್ಲಿ ಮೊರ ಇದ್ದರೆ ಅಡ್ಡ ಹಿಡಿಯಿರಿ. ಮತ್ತೆ ಬಂದರೆ ಎತ್ತಿ ಕಂಕುಳಲ್ಲಿ ಒತ್ತಿ ಹಿಡಿದುಕೊಂಡು ಹತ್ತು ನಿಮಿಷ ನಿಮ್ಮ ಕೆಲಸ ಮಾಡಿಕೊಂಡು ಓಡಾಡಿ. ಹ್ಯಾಟೆಗಳ ಮುಂದೆ ಹೀಗೆ ಎರಡು ಮೂರು ದಿನ ಮಾಡಿದರೆ ಕೆಲವು ತಣ್ಣಗಾಗುತ್ತವೆ. ಮುಳ್ಳಿನ ತುದಿಯನ್ನು ಅರದಿಂದ ಉಜ್ಜಿ ಮೊಂಡ ಮಾಡಿ. ಬುಡಕ್ಕೆ ಹೋಗಬೇಡಿ, ಅಲ್ಲಿ ರಕ್ತ ಇದೆ.

ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಈ ಪ್ರಯೋಗವೆಲ್ಲ ಬೇಡ. ಹುಂಜ ಹಾರುವ ಎತ್ತರಕ್ಕೆ ಮಗುವಿನ ಕಣ್ಣು ಸಿಗುತ್ತದೆ. ಅಂಥದ್ದನ್ನು ಇಟ್ಟುಕೊಳ್ಳಬೇಡಿ, ಅದರ ಮೊಟ್ಟೆಯನ್ನೂ ಕಾವಿಗೆ ಇಡಬೇಡಿ. ಸಿಟ್ಟು ಮರಿಗೂ ಬರುತ್ತದೆ. ನಮ್ಮ ಹುಂಜ ಆ ಭಾನುವಾರ ಮುದ್ದೆ ಜೊತೆ ಬಂತು. ಅತ್ತೆ ಎರಡು ಸಲ ಬಡಿಸಿಕೊಂಡರು.

ಕೂಗು

ಹುಂಜ ಬೆಳಕು ಕಂಡು ಕೂಗುತ್ತದೆ ಅಂತ ನಾವು ಅಂದುಕೊಂಡಿದ್ದೆವು. ಜಪಾನಿನ ನಗೋಯ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದ್ದು, ಅದರ ಮೈಯೊಳಗೇ ಗಡಿಯಾರ ಇದೆ, ಮಂದ ಬೆಳಕಲ್ಲೇ ಇಟ್ಟಿದ್ದರೂ ಬೆಳಗಾಗುವ ಹೊತ್ತಿಗೆ ಮುಂಚೆ ಕೂಗುತ್ತದೆ ಅಂತ. ಆಮೇಲೆ ಅವರೇ ಕಂಡುಕೊಂಡದ್ದು ಇನ್ನೂ ಚೆಂದ: ಗುಂಪಿನಲ್ಲಿ ಮೊದಲು ಕೂಗುವುದು ಯಜಮಾನ ಹುಂಜ, ಉಳಿದವು ಅಂತಸ್ತಿನ ಪ್ರಕಾರ ಕಾದು ಆಮೇಲೆ ಕೂಗುತ್ತವೆ. ಅಂದರೆ ಕೂಗು ನಿಲ್ಲಿಸಲು ಆಗುವುದಿಲ್ಲ. ಗೂಡನ್ನು ಪಕ್ಕದ ಮನೆಯ ಮಲಗುವ ಕೋಣೆಯಿಂದ ದೂರ ಇಡಿ, ಆ ಕಡೆಯ ಗೋಡೆ ಇಟ್ಟಿಗೆಯದಾಗಿರಲಿ, ಒಂದೇ ಹುಂಜ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಅವರಿಗೆ ಆರು ಮೊಟ್ಟೆ ಕೊಡಿ. ಪಟ್ಟಣದ ಬಡಾವಣೆಯಲ್ಲಿರುವವರು ಹುಂಜದ ಆಸೆ ಬಿಡುವುದೇ ಒಳ್ಳೆಯದು.

ಹುಂಜ ಬದಲಿಸುವಾಗ

ಎರಡು, ಹೆಚ್ಚೆಂದರೆ ಮೂರು ವರ್ಷಕ್ಕೆ ಹುಂಜ ಬದಲಿಸಿ. ಹಳೆಯದನ್ನು ತೆಗೆದ ದಿನವೇ ಹೊಸದರ ಮರಿ ಬರುತ್ತದೆ ಅಂದುಕೊಳ್ಳಬೇಡಿ. ಒಮ್ಮೆ ಸೇರಿದ ಹುಂಜದ ಬೀಜ ಹ್ಯಾಟೆಯ ಹೊಟ್ಟೆಯಲ್ಲಿ ಎರಡು ವಾರ, ಕೆಲವೊಮ್ಮೆ ಅದಕ್ಕೂ ಜಾಸ್ತಿ ಉಳಿಯುತ್ತದೆ. ಹಳೆಯ ಹುಂಜ ಹೋಗಿ ಮೂರು ವಾರ ಇಟ್ಟ ಮೊಟ್ಟೆಯನ್ನೆಲ್ಲ ಮನೆಯಲ್ಲಿ ಆಮ್ಲೆಟ್ ಮಾಡಿಕೊಳ್ಳಿ. ನಾಲ್ಕನೇ ವಾರದಿಂದ ಎತ್ತಿಟ್ಟು ಕಾವಿಗೆ ಕೂರಿಸಿ. ಮೊಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆಯಿರಿ, ಪೆನ್ನಿನ ಶಾಯಿ ಸಿಪ್ಪೆಯೊಳಗೆ ಇಳಿಯುತ್ತದೆ.